ಕುದುರೆ ಲಾಯದಲ್ಲಿ ಅಂಬರಗುಬ್ಬಿ ಗೂಡು ಕಟ್ಟಿ ಮರಿ ಮಾಡಿದೆ, ಕೀಳಬೇಕಾ ಬಿಡಬೇಕಾ?

ಕೀಳ್ಬೇಡಿ, ಬಿಡಿ. ಚಿಕ್ಕದಾಗಿ ಹೇಳೋದಾದ್ರೆ ಇಷ್ಟೇ. ನೀವು ಕೇಳಿರೋದು ಮೂರು ವಿಷಯ: ತೊಲೆ ಮೇಲಿನ ಗೂಡಿಂದ ಹಿಕ್ಕೆ ಕುದುರೆ ಬೆನ್ನ ಮೇಲೆ, ನೀರಿನ ಬಕೆಟ್ಟಿಗೆ ಬೀಳ್ತಿದೆ, ಅದರಿಂದ ಕುದುರೆಗೆ ರೋಗ ಬರುತ್ತಾ ಅಂತ ಒಂದು, ಕುದುರೆ ಹೊರಗಿದ್ದಾಗ ಗೂಡು ಕೆಡವಿದ್ರೆ ತಪ್ಪಾ ಅಂತ ಇನ್ನೊಂದು, ಬಿಟ್ರೆ ಪ್ರತಿ ವರ್ಷ ಇದೇ ಕಥೆನಾ ಅಂತ ಮೂರನೇದು. ನಾನು ಕುದುರೆ ಲಾಯದಲ್ಲೇ ಕೆಲಸ ಮಾಡೋನು, ಪ್ರತಿ ಸೀಸನ್ನೂ ಈ ಅಂಬರಗುಬ್ಬಿಗಳ (ಇಂಗ್ಲಿಷಲ್ಲಿ ಸ್ವಾಲೋ) ಜೊತೆನೇ ಕಳೀತೀನಿ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಮೊದ್ಲು ಕೆಡವೋ ವಿಷಯ ಮುಗಿಸ್ತೀನಿ. ಮರಿ ಇರೋ ಗೂಡು ಕಿತ್ರೆ ಮರಿಗಳು ಸಾಯ್ತಾವೆ, ಅಪ್ಪ ಅಮ್ಮ ಅವನ್ನ ಎತ್ಕೊಂಡು ಬೇರೆ ಕಡೆ ಹೋಗಲ್ಲ. ಗೂಡನ್ನ ಹಾಗೇ ಎತ್ತಿ ಪಕ್ಕದ ಸ್ಟಾಲಿಗೆ ಇಡ್ತೀನಿ ಅನ್ನೋದೂ ಬೇಡ, ಒಣಗಿದ ಮಣ್ಣು, ಕಿತ್ತರೆ ಪುಡಿಯಾಗುತ್ತೆ. ಕಾನೂನೂ ಹಕ್ಕಿ ಪರವಾಗೇ ಇದೆ, ಅಮೆರಿಕದಲ್ಲಿ 1918ರಿಂದ ವಲಸೆ ಹಕ್ಕಿಗಳ ಕಾಯ್ದೆ ಇದೆ, ಬ್ರಿಟನ್ನಲ್ಲಿ 1981ರ ವನ್ಯಜೀವಿ ಕಾಯ್ದೆ ಪ್ರಕಾರ ಕಟ್ತಾ ಇರೋ ಗೂಡನ್ನೂ ಬೇಕಂತ ಕೆಡವೋ ಹಾಗಿಲ್ಲ. ನೀವು ಎಲ್ಲೇ ಇದ್ರೂ ಮುಟ್ಟೋಕೆ ಮುಂಚೆ ಅಲ್ಲಿನ ನಿಯಮ ನೋಡ್ಕೊಳಿ. ಆದ್ರೆ ಕಾನೂನು ಇಲ್ದೇ ಇದ್ದಿದ್ರೂ ನಾನು ಬಿಡಿ ಅಂತಾನೇ ಹೇಳ್ತಿದ್ದೆ. ಯಾಕಂದ್ರೆ ನೀವು ಬರ್ದಿರೋದನ್ನೆಲ್ಲ ಓದಿದ್ರೆ ತೊಂದರೆ ಆಗ್ತಿರೋದು ಗೂಡಿನ ನೇರ ಕೆಳಗೆ ಇರೋ ಬಕೆಟ್ಟಿಂದ, ಮೇವಿನ ತೊಟ್ಟಿಯಿಂದ. ಅವೆರಡನ್ನ ಸರಿಸೋದು ಸುಲಭ, ಗೂಡನ್ನ ಸರಿಸೋಕಾಗಲ್ಲ.

ಇನ್ನೆಷ್ಟು ದಿನ ಅಂತ ಗೊತ್ತಿದ್ರೆ ಸಹನೆ ತಾನಾಗೇ ಬರುತ್ತೆ, ಅದಕ್ಕೆ ಲೆಕ್ಕ ಹೇಳ್ತೀನಿ. ಸಾಮಾನ್ಯವಾಗಿ ನಾಕೈದು ಮೊಟ್ಟೆ, ದಿನಕ್ಕೊಂದರ ಹಾಗೆ ಇಡುತ್ತೆ, ಬಿಳಿ ಮೇಲೆ ಕೆಂಪು ಚುಕ್ಕಿ. ಕಾವು ಸುಮಾರು ಎರಡು ವಾರ. ಮರಿ ಹೊರಗೆ ಬಂದ್ಮೇಲೆ ಹಾರೋಕೆ ಸುಮಾರು ಮೂರು ವಾರ. ಹಾರಿದ ಮೇಲೂ ಕೆಲವು ದಿನ ರಾತ್ರಿ ಮಲಗೋಕೆ ಗೂಡಿಗೇ ವಾಪಸ್ ಬರ್ತಾವೆ, ಹೋದ್ವು ಅಂತ ಅವತ್ತೇ ಗುಡಿಸೋಕೆ ಹೋಗ್ಬೇಡಿ. ಹುಳ ಚೆನ್ನಾಗಿ ಸಿಗೋ ವರ್ಷ ಅದೇ ಜೋಡಿ ಎರಡನೇ ಸಲ ಮೊಟ್ಟೆ ಇಡುತ್ತೆ, ಕೆಲವು ಕಡೆ ಮೂರನೇ ಸಲನೂ.

ಹಿಕ್ಕೆದು ಒಂದು ವಿಚಿತ್ರ ಇದೆ, ನೀವೂ ಗಮನಿಸಿರ್ತೀರ. ಮರಿ ಚಿಕ್ಕದಿದ್ದಾಗ ಕೆಳಗೆ ಹೆಚ್ಚು ಗಲೀಜು ಇರಲ್ಲ, ಯಾಕಂದ್ರೆ ಮರಿ ಹಿಕ್ಕೆ ಒಂದು ತೆಳು ಪೊರೆಯ ಚೀಲದಲ್ಲಿ ಬರುತ್ತೆ, ಅಪ್ಪ ಅಮ್ಮ ಅದನ್ನ ಕೊಕ್ಕಲ್ಲಿ ಕಚ್ಕೊಂಡು ಹೊರಗೆ ಬಿಸಾಕ್ತಾವೆ. ಹತ್ತು ಹನ್ನೆರಡು ದಿನ ಆದ್ಮೇಲೆ ಮರಿಗಳೇ ಹಿಂದು ಮುಂದಾಗಿ ತಿರುಗಿ ಗೂಡಿನ ಅಂಚಿಂದ ಆಚೆ ಹಾಕೋಕೆ ಶುರು ಮಾಡ್ತಾವೆ. ಅಂದ್ರೆ ನಿಮಗೆ ಇದ್ದಕ್ಕಿದ್ದ ಹಾಗೆ ಗಲೀಜು ಜಾಸ್ತಿ ಆಯ್ತು ಅನ್ಸಿದ್ರೆ ಮರಿ ಅರ್ಧ ದಾರಿ ದಾಟಿದೆ ಅಂತ ಅರ್ಥ, ಇನ್ನು ಹತ್ತು ದಿನದ ಆಸುಪಾಸು ಅಷ್ಟೇ.

ಈಗ ರೋಗದ ಪ್ರಶ್ನೆ. ಹೆದರಿಸಲ್ಲ, ಹಾಗಂತ ಏನೂ ಆಗಲ್ಲ ಅಂತಲೂ ಹೇಳಲ್ಲ. ಹಕ್ಕಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರಬಹುದು, ಅದು ಮೇವಿನ ಜೊತೆ ನೀರಿನ ಜೊತೆ ಹೊಟ್ಟೆಗೆ ಹೋದ್ರೆ ಕುದುರೆಗೆ ಜೋರು ಭೇದಿ ಹಿಡಿಬಹುದು, ಅದರಲ್ಲೂ ಮರಿ ಕುದುರೆ, ಆಪರೇಷನ್ ಆಗಿರೋ ಕುದುರೆ, ಮೊದಲೇ ಸುಸ್ತಾಗಿರೋದು ಇದ್ರೆ ಎಚ್ಚರ ಬೇಕೇ ಬೇಕು. ಅಂಥ ಕುದುರೆ ಇದ್ರೆ ಮರಿ ಹಾರೋವರೆಗೆ ಬೇರೆ ಸ್ಟಾಲಿಗೆ ಹಾಕಿ. ಗಟ್ಟಿಮುಟ್ಟಾದ ಕುದುರೆ ಬೆನ್ನ ಮೇಲೆ ಬಿದ್ದ ಹಿಕ್ಕೆಯಿಂದ ಏನೂ ಆಗಲ್ಲ, ಒರೆಸಿ ಬಾಚಿದ್ರೆ ಹೋಗುತ್ತೆ, ಆದ್ರೆ ಜೀನು ಹಾಕೋ ಮುಂಚೆ ಬೆನ್ನು ಕೈಯಿಂದ ಸವರಿ ನೋಡಿ, ಒಣಗಿ ಗಟ್ಟಿಯಾಗಿದ್ದು ಜೀನಿನ ಕೆಳಗೆ ಸಿಕ್ಕಿದ್ರೆ ಉಜ್ಜಿ ಗಾಯ ಆಗುತ್ತೆ. ನೀರಿನ ಬಕೆಟ್ ಎದುರುಗಡೆ ಮೂಲೆಗೆ ಹಾಕಿ, ಮೇವಿನ ತೊಟ್ಟಿನೂ ಅಷ್ಟೇ, ಗೋಡೆಗೆ ಫಿಕ್ಸ್ ಮಾಡಿದ್ರೆ ತಾತ್ಕಾಲಿಕವಾಗಿ ನೆಲದ ಮೇಲೆ ಬೇರೆ ಟಬ್ಬಲ್ಲಿ ಕೊಡಿ. ಹುಲ್ಲಿನ ಪಿಂಡಿಗಳ ಮೇಲೆ ಗೂಡಿದ್ರೆ ಟಾರ್ಪಾಲ್ ಹೊದಿಸಿ, ಹಿಕ್ಕೆ ಬಿದ್ದ ಹುಲ್ಲನ್ನ ಕೊಡವಿ ಹಾಕೋದು ಬೇಡ, ಆ ಪದರ ತೆಗೆದೇ ಬಿಡಿ.

ಇದಕ್ಕಿಂತ ಒಳ್ಳೇದು ಅಂದ್ರೆ ಹಲಗೆ. ಗೂಡಿನ ಕೆಳಗೆ ಒಂದು ಪ್ಲೈವುಡ್ ತುಂಡು, ಗೂಡಿಗಿಂತ ಎಲ್ಲಾ ಕಡೆ ಒಂದು ಗೇಣು ಅಗಲ ಜಾಸ್ತಿ ಇರ್ಲಿ, ತೊಲೆಗೋ ಗೋಡೆಗೋ ಬ್ರ್ಯಾಕೆಟ್ ಹಾಕಿ ಕೂರಿಸಿ. ಎಲ್ಲರೂ ಗೂಡಿಗೆ ಅಂಟಿಸಿದ ಹಾಗೆ ಹತ್ತಿರಕ್ಕೆ ಹಾಕ್ತಾರೆ, ಅದು ಬೇಡ, ಹತ್ರ ಹಾಕಿದ್ರೆ ಇಲಿ ಬೆಕ್ಕಿಗೆ ಕೂತು ಕೈ ಹಾಕೋಕೆ ಜಗಲಿ ಕಟ್ಟಿಕೊಟ್ಟ ಹಾಗೆ ಆಗುತ್ತೆ. ಎತ್ತರ ಇದ್ರೆ ಒಂದು ಮೀಟರ್ ಕೆಳಗೆ ಹಾಕಿ, ಕುದುರೆ ತಲೆ ಎತ್ತಿದ್ರೂ ತಾಗಬಾರದು. ಹಲಗೆ ಮೇಲೆ ಹಳೇ ಪೇಪರ್ ಹಾಸಿದ್ರೆ ಬದಲಾಯಿಸೋದು ಸುಲಭ. ಹಾಕೋ ಕೆಲಸ ಬೇಗ ಮುಗಿಸಿ ಕೆಳಗಿಳಿದು ಬಿಡಿ, ದೊಡ್ಡ ಹಕ್ಕಿಗಳು ಹೊರಗೆ ಕಿರುಚ್ತಾ ಸುತ್ತುತ್ತಾ ಇರ್ತಾವೆ, ನೀವು ಹೋದ ಮೇಲೆ ಮತ್ತೆ ಗುಟುಕು ಕೊಡೋಕೆ ಬರ್ತಾವೆ. ಮರಿ ಹಾರೋ ಹಂತದಲ್ಲಿದ್ರೆ ಮಾತ್ರ ಏಣಿ ಹಾಕ್ಬೇಡಿ, ಗಾಬರಿಗೆ ಸಮಯಕ್ಕೆ ಮುಂಚೆನೇ ಕೆಳಗೆ ಧುಮುಕ್ತಾವೆ.

ಬಾಗಿಲಿನ ಬಗ್ಗೆ ನೀವು ಕೇಳಿಲ್ಲ, ಆದ್ರೆ ನನ್ನ ಪ್ರಕಾರ ಲಾಯದ ಅಂಬರಗುಬ್ಬಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ. ಅಪ್ಪ ಅಮ್ಮ ಬೆಳಕು ಹರಿದಾಗಿಂದ ಕತ್ತಲಾಗೋವರೆಗೆ ಒಳಗೆ ಹೊರಗೆ ಓಡಾಡ್ತಾನೇ ಇರ್ತಾವೆ, ಬಾಯ್ತುಂಬ ಹುಳದ ಉಂಡೆ ತರ್ತಾವೆ. ನೀವು ಸಾಯಂಕಾಲ ಬೇಗ ಬಾಗಿಲು ಹಾಕಿ ಬೆಳಿಗ್ಗೆ ತಡವಾಗಿ ತೆಗೆದ್ರೆ ಹಕ್ಕಿ ಒಳಗೇ ಸಿಕ್ಕೊಳುತ್ತೆ ಇಲ್ಲಾ ಹೊರಗೇ ಉಳ್ಕೊಳುತ್ತೆ, ಮರಿ ಉಪವಾಸ. ರಜೆ ದಿನ ಕುದುರೆಗಳೆಲ್ಲ ಹುಲ್ಲುಗಾವಲಲ್ಲಿ, ಲಾಯಕ್ಕೆ ಬೀಗ ಅನ್ನೋ ಅಭ್ಯಾಸ ಇದ್ರೆ ಅದು ಇನ್ನೂ ಕೆಟ್ಟದ್ದು. ಪೂರ್ತಿ ಬಾಗಿಲು ತೆಗೆದಿಡೋ ಅಗತ್ಯ ಇಲ್ಲ, ಮೇಲ್ಗಡೆ ಎಲ್ಲಾದ್ರೂ 5 ಸೆಂಟಿಮೀಟರ್ ಎತ್ತರ 7 ಸೆಂಟಿಮೀಟರ್ ಅಗಲದ ಸಂದಿ ಇದ್ರೆ ಸಾಕು, ಅಷ್ಟರಲ್ಲೇ ನುಗ್ಗಿ ಬರ್ತಾವೆ, ಪಾರಿವಾಳಕ್ಕೆ ಅಷ್ಟು ಜಾಗ ಸಾಲಲ್ಲ ಅನ್ನೋದು ಇನ್ನೊಂದು ಲಾಭ. ಮೇಲಿನ ಅರ್ಧ ಬಾಗಿಲು ಇದ್ರೆ ಅದನ್ನ ತೆಗೆದು ಕೊಕ್ಕೆ ಹಾಕಿಬಿಡಿ.

ನೊಣದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇನ್ನೊಬ್ರು ಇಲ್ಲಿ ಅಂಬರಗುಬ್ಬಿ ಇದ್ರೆ ಲಾಯದಲ್ಲಿ ನೊಣನೇ ಇರಲ್ಲ ಅಂತ ಬರ್ದಿದಾರೆ, ಅದು ಜಾಸ್ತಿ ಆಯ್ತು. ತಿನ್ನೋದು ನಿಜ, ಹಾರೋ ಹುಳನೇ ಇದರ ಊಟ, ಅದರಲ್ಲೂ ದೊಡ್ಡ ನೊಣಗಳು ಅಂದ್ರೆ ಇಷ್ಟ, ಕುದುರೆಗೆ ಕಚ್ಚೋ ದೊಡ್ಡ ನೊಣನೂ ಅದರಲ್ಲಿ ಸೇರಿದೆ. ಆದ್ರೆ ಬೇಟೆ ಹೆಚ್ಚಾಗಿ ನಡೆಯೋದು ಹೊರಗೆ ಬಯಲಲ್ಲಿ, ಹುಲ್ಲಿನ ಮೇಲೆ ತುಂಬಾ ಕೆಳಗೆ ಹಾರ್ತಾ. ಕುದುರೆ ಮೇಯ್ತಾ ಹೆಜ್ಜೆ ಹಾಕಿದಾಗ ಎದ್ದೇಳೋ ಹುಳಗಳನ್ನ ಹಿಡಿಯೋಕೆ ಅದರ ಕಾಲ ಸುತ್ತನೇ ಸುತ್ತುತ್ತವಲ್ಲ, ನೋಡಿಲ್ಲ ಅಂದ್ರೆ ಒಂದು ಸಾಯಂಕಾಲ ಬೇಲಿ ಹತ್ರ ನಿಂತು ನೋಡಿ, ಕುದುರೆ ಕಿವಿನೂ ಅಲ್ಲಾಡಿಸಲ್ಲ, ಅಷ್ಟು ಒಗ್ಗಿ ಹೋಗಿರುತ್ತೆ. ಆದ್ರಿಂದ ಲದ್ದಿ ಎತ್ತೋದು, ತಿಪ್ಪೆ ದೂರ ಹಾಕೋದು ಇದೆಲ್ಲ ಹಾಗೇ ಮುಂದುವರೀಬೇಕು, ಹಕ್ಕಿ ಮೇಲೆ ಭಾರ ಹಾಕೋಕಾಗಲ್ಲ. ಪ್ರಾಣಿ ಇದ್ದ ಕಡೆ ಇವು ಇರ್ತಾವೆ ಅನ್ನೋದಂತೂ ಖರೆ, ಡೆನ್ಮಾರ್ಕ್, ಇಟಲಿಗಳಲ್ಲಿ ಅಧ್ಯಯನ ಮಾಡಿದವರು ಹಸು ಸಾಕೋದು ನಿಲ್ಲಿಸಿದ ಫಾರ್ಮುಗಳಲ್ಲಿ ಇವುಗಳ ಸಂಖ್ಯೆ ಇಳಿದಿದ್ದನ್ನ ನೋಡಿದಾರೆ. ನಿಮ್ಮ ಲಾಯ ಅವಕ್ಕೆ ಅಷ್ಟು ಮುಖ್ಯ.

ದಯವಿಟ್ಟು ಒಂದು ಕೆಲಸ ಇವತ್ತೇ ಮಾಡಿ. ನೊಣಕ್ಕೆ ಅಂತ ತೂಗು ಹಾಕ್ತಾರಲ್ಲ ಅಂಟು ಪಟ್ಟಿ, ಅದು ಲಾಯದಲ್ಲಿದ್ರೆ ಈಗಲೇ ತೆಗೀರಿ. ಅದರ ಮೇಲೆ ಕೂತ ನೊಣ ಹಿಡಿಯೋಕೆ ಹೋಗಿಯೋ, ಹಾರೋ ದಾರಿಯಲ್ಲೋ ರೆಕ್ಕೆ ತಾಗಿದ್ರೆ ಹಕ್ಕಿ ಅಂಟ್ಕೊಳುತ್ತೆ, ಇಪ್ಪತ್ತು ಗ್ರಾಂ ಆಸುಪಾಸಿನ ಜೀವ, ಬಿಡಿಸ್ಕೊಳೋ ಶಕ್ತಿ ಇರಲ್ಲ. ಪಟ್ಟಿ ಬೇಕೇ ಬೇಕು ಅಂದ್ರೆ ಸುತ್ತ ಜಾಲರಿ ಹಾಕಿ. ಹಾಗೇ ಗೂಡಿರೋ ಸ್ಟಾಲಲ್ಲಿ ನೊಣದ ಸ್ಪ್ರೇ ಹೊಡೀಬೇಡಿ, ಕುದುರೆಗೆ ಹಚ್ಚೋದಿದ್ರೆ ಹೊರಗೆ ಕರ್ಕೊಂಡು ಹೋಗಿ ಬಟ್ಟೆಯಲ್ಲಿ ಒರೆಸಿ. ಜಾಲರಿ ಇಲ್ದ ಫ್ಯಾನೂ ಅಪಾಯ. ಇನ್ನು ಬಾಲ, ಜೂಲು ಬಾಚಿದಾಗ ಉದುರಿದ ಕೂದಲು ನೆಲದ ಮೇಲೆ ಬಿಡೋದು ಬೇಡ, ಗೂಡಿಗೆ ಹಾಸೋಕೆ ಅಂತ ಎತ್ಕೊಂಡು ಹೋಗ್ತಾವೆ, ಉದ್ದ ಕೂದಲು ಮರಿ ಕಾಲಿಗೋ ಕುತ್ತಿಗೆಗೋ ಸುತ್ಕೊಂಡು ಗೂಡಿಂದ ನೇತಾಡಿ ಸಾಯೋದು ಉಂಟು. ಒಂದೊಂದು ಇಂಚಿಗೆ ಕತ್ತರಿಸಿ ಬಿಸಾಕಿದ್ರೆ ಚಿಂತೆ ಇಲ್ಲ.

ಮರಿ ಕೆಳಗೆ ಬಿದ್ರೆ ಏನ್ಮಾಡೋದು ಅಂತ ಮುಂದೆ ಕೇಳೇ ಕೇಳ್ತೀರ. ಪುಕ್ಕ ಬಂದಿಲ್ದೇ ಇರೋ ಮರಿ ಆದ್ರೆ ಕೈಯಲ್ಲಿ ಎತ್ತಿ ಗೂಡಲ್ಲಿ ಇಟ್ಬಿಡಿ, ಮನುಷ್ಯರ ವಾಸನೆ ತಾಗಿದ್ರೆ ತಾಯಿ ಬಿಟ್ಟೋಗುತ್ತೆ ಅನ್ನೋದು ಸುಳ್ಳು. ಗೂಡೇ ಒಡೆದು ಬಿದ್ದಿದ್ರೆ ಚಿಕ್ಕ ಪ್ಲಾಸ್ಟಿಕ್ ಬಟ್ಟಲಿಗೆ ತಳದಲ್ಲಿ ತೂತು ಮಾಡಿ, ಬಿದ್ದ ಗೂಡಿನ ಹುಲ್ಲು ಗರಿಗಳನ್ನೇ ಹಾಸಿ, ಅದೇ ಜಾಗದಲ್ಲಿ ಇಲ್ಲಾ ಪಕ್ಕದಲ್ಲೇ ಮೊಳೆ ಹೊಡೆದು ಕೂರಿಸಿ ಮರಿಗಳನ್ನ ಇಡಿ, ಮರಿ ಬಾಯಿ ಬಿಟ್ಟು ಕೂಗೋದು ಕೇಳಿಸಿದ್ರೆ ಅಪ್ಪ ಅಮ್ಮ ಸಾಮಾನ್ಯವಾಗಿ ಅಲ್ಲಿಗೇ ಗುಟುಕು ತರ್ತಾವೆ, ದೂರ ನಿಂತು ಸ್ವಲ್ಪ ಹೊತ್ತು ಕಾದು ನೋಡಿ. ಪುಕ್ಕ ಪೂರ್ತಿ ಬಂದು ಹಾರೋಕೆ ಕಲೀತಿರೋ ಮರಿ ಆದ್ರೆ ಎತ್ತರದ ಅಡ್ಡಗಂಬದ ಮೇಲೆ ಕೂರಿಸಿ ಬಿಟ್ರೆ ಆಯ್ತು. ಹಾಲು, ಬ್ರೆಡ್ಡು ಏನೂ ಬೇಡ, ಬಾಯಿಗೆ ನೀರೂ ಸುರಿಯೋಕೆ ಹೋಗ್ಬೇಡಿ. ಗಾಯ ಆಗಿದ್ರೆ ಹಕ್ಕಿ ನೋಡ್ಕೊಳೋ ಸಂಸ್ಥೆಗೆ ಫೋನ್ ಮಾಡಿ. ಲಾಯದ ಬೆಕ್ಕನ್ನ ಈ ವಾರಗಳಲ್ಲಿ, ಮುಖ್ಯವಾಗಿ ಮರಿ ಹಾರೋ ದಿನಗಳಲ್ಲಿ, ಬೇರೆ ಕಡೆ ಇಟ್ಕೊಳಿ.

ಎಲ್ಲಾ ಹಾರಿ ಹೋದ ಮೇಲೆ ಕ್ಲೀನ್ ಮಾಡೋವಾಗ ಒಣ ಹಿಕ್ಕೆನ ಹಾಗೇ ಗುಡಿಸ್ಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ, ನಿಮಗೂ ಕುದುರೆಗೂ. ಕುದುರೆ ಹೊರಗೆ ಹಾಕಿ, ನೀರು ಚಿಮುಕಿಸಿ ನೆನೆಸಿ, ಮಾಸ್ಕು ಗ್ಲೌಸು ಹಾಕ್ಕೊಂಡು ಕೆರೆದು ತೆಗೀರಿ. ಗೂಡು ಖಾಲಿ ಆದ ಹೊತ್ತಲ್ಲೇ ಕುದುರೆ ಸುಮ್ನೆ ಮೈ ಉಜ್ಕೊಳ್ತಾ ಇದ್ರೆ ಗೂಡಿನ ಮೈಟ್ ಇರಬಹುದು, ಹಕ್ಕಿ ರಕ್ತ ಕುಡಿಯೋ ಸಣ್ಣ ಕೀಟ, ಹಕ್ಕಿ ಹೋದ್ಮೇಲೆ ಸಿಕ್ಕಿದ್ದಕ್ಕೆ ಕಚ್ಚುತ್ತೆ. ಇದು ಎಲ್ಲಾ ಕಡೆ ಆಗಲ್ಲ, ಆದ್ರೆ ಪಶುವೈದ್ಯರಿಗೆ ತೋರಿಸುವಾಗ ಮೇಲೆ ಗೂಡು ಇತ್ತು ಅನ್ನೋದನ್ನ ಮರೀದೇ ಹೇಳಿ.

ಕೊನೇದು, ಪ್ರತಿ ವರ್ಷ ಬರ್ತಾವಾ. ಬದುಕಿದ್ರೆ ಬರ್ತಾವೆ, ದೊಡ್ಡ ಹಕ್ಕಿಗಳು ಹೆಚ್ಚಾಗಿ ಅದೇ ಲಾಯಕ್ಕೇ, ಗಂಡು ಸ್ವಲ್ಪ ಮುಂಚೆ, ಹೆಣ್ಣು ಆಮೇಲೆ. ಅವು ಹೋಗಿ ಬರೋ ದೂರ ಎಷ್ಟು ಅಂದ್ರೆ, 1911ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಲ್ಲಿ ಕಾಲಿಗೆ ರಿಂಗ್ ಹಾಕಿ ಬಿಟ್ಟ ಒಂದು ಅಂಬರಗುಬ್ಬಿ 1912ರ ಡಿಸೆಂಬರಲ್ಲಿ ದಕ್ಷಿಣ ಆಫ್ರಿಕಾದ ನಟಾಲಲ್ಲಿ ಸಿಕ್ತು, ಅಲ್ಲಿವರೆಗೆ ಬ್ರಿಟನ್ನಿನ ಈ ಹಕ್ಕಿಗಳು ಚಳಿಗಾಲ ಎಲ್ಲಿ ಕಳೀತಾವೆ ಅನ್ನೋದಕ್ಕೆ ಇಂಥ ಸಾಕ್ಷಿನೇ ಇರ್ಲಿಲ್ಲ. ಅಷ್ಟು ದೂರದಿಂದ ಬಂದು ಇದೇ ತೊಲೆ ಹುಡುಕೋದು ನನಗೆ ಈಗಲೂ ಮೈ ಜುಮ್ ಅನ್ಸುತ್ತೆ. ಹಳೇ ಗೂಡಿದ್ರೆ ಅಂಚಿಗೆ ಒಂದಿಷ್ಟು ಮಣ್ಣು ಮೆತ್ತಿ ಹೊಸ ಗರಿ ಹಾಸಿ ಶುರು ಮಾಡ್ತಾವೆ, ಹೊಸದಾದ್ರೆ ನೂರಾರು ಸಲ ಕೊಕ್ಕಲ್ಲಿ ಮಣ್ಣಿನ ಉಂಡೆ ತರಬೇಕು, ಅದಕ್ಕೇ ಹಳೇದನ್ನ ಸುಮ್ಮನೆ ಕೀಳ್ಬೇಡಿ ಅನ್ನೋದು. ಮಳೆ ಇಲ್ಲದ ಒಣ ವರ್ಷ ಆದ್ರೆ ಅಂಗಳದ ಮೂಲೆಯಲ್ಲಿ ಮಣ್ಣಿಗೆ ದಿನಾ ನೀರು ಹಾಕಿ ಕೆಸರು ಮಾಡಿಟ್ರೆ ಎಷ್ಟು ಖುಷಿಯಾಗಿ ಬರ್ತಾವೆ ನೋಡಿ.

ಗೂಡು ಲೈಟಿನ ಮೇಲೋ ಸ್ವಿಚ್ ಬೋರ್ಡ್ ಮೇಲೋ ಇದ್ರೆ ಮಾತ್ರ ಬಿಡೋ ಹಾಗಿಲ್ಲ, ಒಣಹುಲ್ಲು ಗರಿ ಬಿಸಿ ಬಲ್ಬಿಗೆ ತಾಗಿದ್ರೆ ಲಾಯಕ್ಕೇ ಬೆಂಕಿ. ಈಗ ಆ ಲೈಟಿನ ಕರೆಂಟ್ ತೆಗೆಸಿ, ಸೀಸನ್ ಮುಗಿದು ಎಲ್ಲಾ ಹೊರಟ ಮೇಲೆ ಆ ಗೂಡು ತೆಗೆದು ಜಾಗಕ್ಕೆ ತಂತಿ ಜಾಲರಿ ಹೊಡೀರಿ, ಅದರ ಬದಲಿಗೆ ಕುದುರೆ ನಿಲ್ಲದ ಓಣಿ ಕಡೆ, ಮಾಡಿಗೆ ಹತ್ರ ಆದ್ರೆ ಹಕ್ಕಿ ಕೂರೋಕೆ ಎತ್ತರ ಇರೋ ಹಾಗೆ, ಅಂಗೈ ಅಗಲದ ಒರಟು ಮರದ ಹಲಗೆ ಒಂದೆರಡು ಹಾಕಿಡಿ. ನಿಮ್ಮ ಸ್ಟಾಲಿನ ಬಕೆಟ್ ಮೇಲಿನ ತೊಲೆನೂ ಬೇಡ ಅನ್ಸಿದ್ರೆ ಇದೇ ಉಪಾಯ. ಅವು ವಾಪಸ್ ಬರೋ ಕೆಲವು ವಾರ ಮುಂಚೆನೇ ಇದೆಲ್ಲ ಮುಗಿದಿರ್ಬೇಕು, ಬಂದು ಮಣ್ಣು ಮೆತ್ತೋಕೆ ಶುರು ಮಾಡಿದ್ಮೇಲೆ ಜಾಗ ಬದಲಾಯಿಸೋಕೆ ಆಗಲ್ಲ.