ಕಾಂಗ್ರೆಸ್ ಕಸದ ತುರಿಕೆಗೆ ಸಿಟ್ರಿಜಿನ್ ಏಕೆ ಸಾಲದು?

ಪ್ರಶ್ನೆ: ಹಾನಗಲ್ಲ ಕಡೆಯ ರೈತ, ವಯಸ್ಸು 52. ಮಳೆಗಾಲದಲ್ಲಿ ಬದುವಿನ ಕಾಂಗ್ರೆಸ್ ಕಸ ಕಿತ್ತರೆ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಕೆಂಪಾಗಿ ತುರಿಸುತ್ತವೆ. ಅಲರ್ಜಿ ಮಾತ್ರೆ ಸಿಟ್ರಿಜಿನ್ ನುಂಗಿದರೆ ನಿದ್ದೆ ಬರುತ್ತದೆ, ತುರಿಕೆ ಹೋಗುವುದಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಮಾಡಿಸಿದರೆ ಕೆಲವು ವಾರ ಆರಾಮ, ಮತ್ತೆ ಅದೇ ಗೋಳು. ಡಾಕ್ಟರು ‘ಸೈಟೊಕೈನ್’ ಅಂದರು. ಏನದು?

ಉತ್ತರ: ಸಿಟ್ರಿಜಿನ್ ತಡೆಯುವುದು ತುರಿಕೆ ಎಬ್ಬಿಸುವ ದೇಹದ ರಾಸಾಯನಿಕ ಹಿಸ್ಟಮಿನ್ ಒಂದನ್ನೇ. ನಿಮ್ಮ ತೊಂದರೆ ಕಾಂಗ್ರೆಸ್ ಕಸದ ಸ್ಪರ್ಶ ಅಲರ್ಜಿಯಂತೆ ಕಾಣುತ್ತದೆ; ಅದರಲ್ಲಿ ಹಿಸ್ಟಮಿನ್ ಪಾಲು ಕಡಿಮೆ, ಸೈಟೊಕೈನ್‌ಗಳದೇ ಕಾರುಬಾರು. ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಸಣ್ಣ ಪ್ರೋಟೀನ್‌ಗಳಿವು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಚರ್ಮದ ಪ್ರೋಟೀನಿಗೆ ಅಂಟಿದಾಗ ಅಲ್ಲಿನ ಕೋಶಗಳು ಇಂಟರ್‌ಲ್ಯೂಕಿನ್-1, ಟಿಎನ್‌ಎಫ್-ಆಲ್ಫಾ ಎಂಬ ಸೈಟೊಕೈನ್ ಹೊರಬಿಡುತ್ತವೆ. ರೋಗನಿರೋಧಕ ಪಡೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳು ಆ ಗುರುತನ್ನು ನೆನಪಿಟ್ಟುಕೊಳ್ಳುತ್ತವೆ. ಮತ್ತೆ ಕಸ ಸೋಕಿದ 1ರಿಂದ 3 ದಿನದಲ್ಲಿ ಅವು ಇಂಟರ್‌ಫೆರಾನ್-ಗಾಮಾ ಮುಂತಾದವನ್ನು ಸುರಿಸಿ ಚರ್ಮ ಉರಿಯುವಂತೆ ಮಾಡುತ್ತವೆ; ಇಂಟರ್‌ಲ್ಯೂಕಿನ್-31 ನೇರವಾಗಿ ತುರಿಕೆಯ ನರಗಳನ್ನೇ ಕೆಣಕುತ್ತದೆ. ಇವತ್ತು ಕಿತ್ತರೆ ತುರಿಕೆ ನಾಳಿದ್ದು. ಹೀಗಾಗಿಯೇ ಕಸದ ಮೇಲೆ ಗುಮಾನಿ ಬಾರದೆ ಪಾಪ, ಬದನೆಕಾಯಿ ಬಿಟ್ಟು ಕೂತವರು ಬಹಳ.

(ಇದೇ ಗಿಡದ ಪರಾಗದಿಂದ ಸೀನು, ಮೂಗು ಸೋರಿಕೆ ಬರುವವರಲ್ಲಿ ಐಜಿಇ ಎಂಬ ಅಲರ್ಜಿಯ ಪ್ರತಿಕಾಯ, ಹಿಸ್ಟಮಿನ್ ಮುಖ್ಯ, ಅವರಿಗೆ ಸಿಟ್ರಿಜಿನ್ ಕೆಲಸ ಮಾಡುತ್ತದೆ.)

ಸ್ಟೀರಾಯ್ಡ್ ಇಂಜೆಕ್ಷನ್ ಸೈಟೊಕೈನ್ ತಯಾರಿಕೆಯನ್ನೇ ತಗ್ಗಿಸುತ್ತದೆ. ಔಷಧ ಇಳಿದಾಗ ನೆನಪಿನ ಟಿ ಕೋಶಗಳೂ ಇರುತ್ತವೆ, ಬದುವಿನಲ್ಲಿ ಕಸವೂ ಇರುತ್ತದೆ. ಪದೇಪದೇ ಚುಚ್ಚಿಸಿಕೊಂಡರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಂಕಾಗುತ್ತದೆ. ದಯವಿಟ್ಟು ನಿಲ್ಲಿಸಿ.

ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಟೆಸ್ಟ್ (ಗುಮಾನಿಯ ವಸ್ತುವನ್ನು ಪಟ್ಟಿಯಲ್ಲಿ ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) ಕೇಳಿ. ಬೆನ್ನಿಗೆ ಹಚ್ಚಿದ ಪಟ್ಟಿ 48 ಗಂಟೆ ಒದ್ದೆಯಾಗಬಾರದು, ಬೆವರುವ ಕೆಲಸವೂ ಬೇಡ. ಪಟ್ಟಿ ತೆಗೆದಾಗ ಒಮ್ಮೆ, 96 ಗಂಟೆಗೆ ಮತ್ತೊಮ್ಮೆ ನೋಡುತ್ತಾರೆ. ಇತ್ತೀಚೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ದರೆ ಮೊದಲೇ ಹೇಳಿ, ಇಲ್ಲವಾದರೆ ಫಲಿತಾಂಶ ಸುಳ್ಳಾಗಬಹುದು. ಸಿಟ್ರಿಜಿನ್ ನಿಲ್ಲಿಸಬೇಕಿಲ್ಲ.

ಡಾಕ್ಟರು ಬರೆದುಕೊಡುವ ಸ್ಟೀರಾಯ್ಡ್ ಮುಲಾಮಿನ ಅಳತೆ: ತೋರುಬೆರಳ ತುದಿಯ ಗೆಣ್ಣಿನಷ್ಟು, ಅಂದರೆ ಅರ್ಧ ಗ್ರಾಂ, ಬೆರಳು ಸೇರಿ ಎರಡು ಅಂಗೈಯಗಲದ ಚರ್ಮಕ್ಕೆ ಸಾಕು. ಮುಖಕ್ಕೆ ಕ್ಲೋಬೆಟಸಾಲ್ ಎಂಬ ತೀವ್ರ ಸ್ಟೀರಾಯ್ಡ್ ಮುಲಾಮು ಬೇಡವೇ ಬೇಡ, ಚರ್ಮ ತೆಳ್ಳಗಾಗುತ್ತದೆ. ಅಲ್ಲಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ವಾಸಿ. ಹತೋಟಿಗೆ ಬಾರದವರಿಗೆ ರೋಗನಿರೋಧಕ ಕೋಶಗಳನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಕೊಡುವುದುಂಟು. ಅದರ ಗುಣ ಕಾಣಲು ವಾರಗಳೇ ಬೇಕು, ರಕ್ತಕಣ ಮತ್ತು ಲಿವರ್ ಪರೀಕ್ಷೆ ತಪ್ಪಿಸುವಂತಿಲ್ಲ.

ಕಸವನ್ನು ಹೂಬಿಡುವ ಮೊದಲೇ, ಅಲರ್ಜಿ ಇಲ್ಲದವರಿಂದ, ತುಂಬುತೋಳು ಮತ್ತು ಕೈಗವಸು ಹಾಕಿಸಿ ಕೀಳಿಸಿ. ಒಣಗಿದ ಕಸದ ಧೂಳಿಗೂ ಅದೇ ಗುಣ, ರಾಶಿ ಹಾಕುವಾಗ ಗಾಳಿಗೆ ಧೂಳು ಹಾರಿಬರುವ ಕಡೆ ನಿಲ್ಲಬೇಡಿ. ರೆಪ್ಪೆ ಊದಿ ಕೀವು ಸೋರಿದರೆ, ಜ್ವರ ಬಂದರೆ ಅದು ಸೋಂಕು; ಮುಲಾಮು ಹಚ್ಚುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ.