ಕಾರ್ ಎಸಿಲಿ ಬಿಸಿ ಗಾಳಿ ಬರ್ತಿದೆ, ಸಿಗ್ನಲಲ್ಲಿ ನಿಂತ್ರೆ ಇನ್ನೂ ಜಾಸ್ತಿ. ಹೋದ ವರ್ಷಾನೇ ಗ್ಯಾಸ್ ತುಂಬ್ಸಿದ್ದೆ, ಮತ್ತೆ ತುಂಬ್ಸ್ಬೇಕಾ?

ಬೇಡ, ಈಗ್ಲೇ ಅಂತೂ ಬೇಡ. ನಾನು ಸುಮಾರು ವರ್ಷ ಗಾಡಿ ಎಸಿ ಕೆಲ್ಸಾನೇ ಮಾಡ್ದೋನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರ್ ಮಾಡ್ಕೋಬೇಡಿ.

ಮೊದ್ಲು ಒಂದು ವಿಷ್ಯ. ಎಸಿ ಗ್ಯಾಸ್ ಪೆಟ್ರೋಲ್ ಥರ ಓಡ್ಸಿದಷ್ಟೂ ಖರ್ಚಾಗೋದಲ್ಲ, ಅದು ಪೈಪೊಳಗೆ ಸುತ್ತಾ ಇರತ್ತೆ ಅಷ್ಟೆ. ಹೋಸ್ ಮೂಲಕ, ಕಂಪ್ರೆಸರ್ (ಗ್ಯಾಸನ್ನ ಒತ್ತಿ ಸುತ್ತಿಸೋ ಪಂಪ್) ಶಾಫ್ಟ್ ಸೀಲ್ ಮೂಲಕ ಚೂರುಚೂರು ಹೋಗೋದು ನಿಜ, ಆದ್ರೆ ಅದು ಗೊತ್ತಾಗೋಕೆ ಎಷ್ಟೋ ವರ್ಷ ಬೇಕು. ಹೋದ ವರ್ಷ ತುಂಬ್ಸಿದ್ದು ಈ ವರ್ಷ ಖಾಲಿ ಅಂದ್ರೆ ಎಲ್ಲೋ ಲೀಕ್ ಇದೆ ಅಂತ್ಲೇ ಅರ್ಥ, ಲೀಕ್ ಹುಡುಕ್ದೆ ಮತ್ತೆ ತುಂಬಿದ್ರೆ ಮುಂದಿನ್ ವರ್ಷನೂ ನೀವು ಇದೇ ಪ್ರಶ್ನೆ ಕೇಳ್ತೀರ. ಇಲ್ಲಾ ಅಂದ್ರೆ ಗ್ಯಾಸ್ ಸರಿಯಾಗೇ ಇದೆ, ತೊಂದ್ರೆ ಇನ್ನೆಲ್ಲೋ ಇದೆ. ಯಾವ್ದು ಅಂತ ಅರ್ಧಕ್ಕರ್ಧ ನೀವೇ ಮನೇಲೇ ಕಂಡ್ಹಿಡೀಬೋದು.

ನೀವು ಬರ್ದಿರೋದ್ರಲ್ಲಿ ನಂಗೆ ಮುಖ್ಯ ಅನ್ಸಿದ್ದು ಸಿಗ್ನಲ್ ಮಾತು. ನಿಂತಾಗ ಬಿಸಿ, ಓಡ್ವಾಗ ಪರ್ವಾಗಿಲ್ಲ ಅಂದ್ರೆ ನಾನು ಮೊದ್ಲು ನೋಡೋದು ಕಂಡೆನ್ಸರ್ ಫ್ಯಾನ್. ಕಂಡೆನ್ಸರ್ ಅಂದ್ರೆ ರೇಡಿಯೇಟರ್ ಮುಂದೆ ಇರೋ ಜಾಲರಿ, ಕ್ಯಾಬಿನ್ನಿಂದ ಎತ್ಕೊಂಡು ಬಂದ ಶಾಖ ಎಲ್ಲಾ ಅಲ್ಲೇ ಹೊರಗೆ ಹೋಗ್ಬೇಕು. ಗಾಡಿ ಓಡ್ತಿದ್ರೆ ಎದುರುಗಾಳಿನೇ ಆ ಕೆಲ್ಸ ಮಾಡತ್ತೆ, ನಿಂತಾಗ ಫ್ಯಾನ್ ಬಿಟ್ರೆ ಬೇರೆ ಗತಿ ಇಲ್ಲ. ಬಾನೆಟ್ ತೆಗ್ದು, ಇಂಜಿನ್ ಸ್ಟಾರ್ಟ್ ಮಾಡಿ, ಎಸಿ ಫುಲ್ ಇಟ್ಟು ಒಂದೆರಡು ನಿಮಿಷ ನೋಡ್ತಾ ನಿಂತ್ಕೊಳ್ಳಿ (ಕೈ ಮಾತ್ರ ಒಳಗೆ ಹಾಕ್ಬೇಡಿ, ಆ ಫ್ಯಾನ್ ಯಾವಾಗ್ ಬೇಕಾದ್ರೂ ತಿರ್ಗತ್ತೆ). ಬಹಳ ಗಾಡಿಗಳಲ್ಲಿ ಕಂಪ್ರೆಸರ್ ಶುರುವಾಗ್ತಿದ್ದ ಹಾಗೇ ಫ್ಯಾನೂ ತಿರ್ಗತ್ತೆ. ತಿರುಗ್ಲಿಲ್ಲ ಅಂದ್ರೆ ಫ್ಯೂಸ್, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡೋ ಪುಟ್ಟ ಸ್ವಿಚ್), ಆಮೇಲೆ ಮೋಟ್ರು, ಈ ಸಾಲಲ್ಲೇ ನೋಡಿ. ಫ್ಯೂಸ್ ಡಬ್ಬೀಲಿ ಅದೇ ನಂಬರಿನ ಇನ್ನೊಂದು ರಿಲೇ, ಹಾರ್ನಿಂದೋ ಏನೋ, ಇದ್ರೆ ಅದಲು ಬದಲು ಮಾಡಿದ್ರೆ ಆಯ್ತು, ಒಂದೇ ನಿಮಿಷದ ಕೆಲ್ಸ.

ಫ್ಯಾನ್ ಸರಿ ಇದ್ರೆ ಜಾಲರಿ ನೋಡಿ, ಧೂಳು, ಹುಳ, ಒಣಗಿದ ಎಲೆ, ಅದ್ರಲ್ಲೂ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಕೂತ್ಕೊಳ್ಳೋ ಕಸ ಹೊರಗಿಂದ ಕಾಣ್ಸೋದೇ ಇಲ್ಲ. ತಣ್ಣೀರು ಮೆಲ್ಲಗೆ ಬಿಟ್ಟು ತೊಳೀರಿ, ಪ್ರೆಶರ್ ವಾಶರ್ ಹತ್ರ ಹಿಡಿದ್ರೆ ಫಿನ್ (ಜಾಲರಿಯ ತೆಳು ರೆಕ್ಕೆ) ಎಲ್ಲಾ ಮಲಗ್ಬಿಡತ್ತೆ. ಒಂದು ತಕರಾರು ಏನಂದ್ರೆ ಗ್ಯಾಸ್ ಕಮ್ಮಿ ಇದ್ರೂ ಹೀಗೇ ಆಗ್ಬೋದು, ಯಾಕಂದ್ರೆ ನಿಂತಾಗ ಕಂಪ್ರೆಸರ್ ನಿಧಾನ ತಿರುಗೋದು, ಓಡ್ವಾಗ ಹೇಗೋ ಮ್ಯಾನೇಜ್ ಮಾಡ್ಕೊಂಡು ಹೋಗತ್ತೆ. ಆದ್ರೆ ಫ್ಯಾನ್ ನೋಡೋಕೆ ದುಡ್ಡು ಬೇಕಿಲ್ಲ, ಅದಕ್ಕೇ ಅದು ಮೊದ್ಲು.

ಬಾನೆಟ್ ತೆಗ್ದಿರೋವಾಗ್ಲೇ ಕಂಪ್ರೆಸರನ್ನೂ ನೋಡ್ಬಿಡಿ. ಎಸಿ ಒತ್ತಿದಾಗ ಟಕ್ ಅಂತ ಸದ್ದಾಗಿ ಪುಲ್ಲಿ ನಡುವಿನ ತಟ್ಟೆನೂ ತಿರುಗ್ಬೇಕು. ಪುಲ್ಲಿ ತಿರುಗ್ತಿದ್ದು ತಟ್ಟೆ ಸುಮ್ನೆ ನಿಂತಿದ್ರೆ ಕಂಪ್ರೆಸರಿನ ಕ್ಲಚ್ (ತಟ್ಟೆನ ಪುಲ್ಲಿಗೆ ಅಂಟಿಸೋದು, ಗೇರಿನ ಕ್ಲಚ್ ಅಲ್ಲ) ಹಿಡೀತಿಲ್ಲ. ಗ್ಯಾಸ್ ತೀರಾ ಕಮ್ಮಿ ಆಗಿ ಒತ್ತಡ ಕಮ್ಮಿ ಆದ್ರೆ ಕಂಪ್ರೆಸರ್ ನಿಲ್ಸೋ ಪ್ರೆಶರ್ ಸ್ವಿಚ್ಚೇ ತಡ್ದಿರ್ಬೋದು, ಫ್ಯೂಸ್ ಹೋಗಿರ್ಬೋದು, ಕ್ಲಚ್ಚಿನ ಕಾಯಿಲ್ (ತಟ್ಟೆನ ಎಳೆಯೋ ಕರೆಂಟ್ ಮ್ಯಾಗ್ನೆಟ್) ಸುಟ್ಟಿರ್ಬೋದು, ಇಂಜಿನ್ ಓವರ್‌ಹೀಟ್ ಆಗ್ತಿದ್ರೆ ಇಸಿಯುನೇ (ಗಾಡಿಯ ಕಂಪ್ಯೂಟರ್) ಎಸಿ ಕಟ್ ಮಾಡತ್ತೆ. ಬೆಳಿಗ್ಗೆ ಚೆನ್ನಾಗಿದ್ದು ಅರ್ಧ ಗಂಟೆ ಓಡ್ಸಿದ್ ಮೇಲೆ ಕ್ಲಚ್ ಬಿಟ್ಬಿಡತ್ತೆ ಅಂದ್ರೆ ತಟ್ಟೆಗೂ ಪುಲ್ಲಿಗೂ ಇರೋ ಸಂದು ಸವೆದು ಜಾಸ್ತಿ ಆಗಿದೆ ಅಂತ ಅನುಮಾನ ಪಡಿ. ಆ ಸಂದು ಒಂದು ಮಿಲಿಮೀಟರಿಗಿಂತ ಕಮ್ಮಿ ಇರತ್ತೆ, ಕಾಯಿಲ್ ಬಿಸಿ ಆದಾಗ ಅದರ ಎಳೆಯೋ ಶಕ್ತಿ ಕುಗ್ಗಿ ಹಿಡಿಯೋಕಾಗಲ್ಲ. ಇದಕ್ಕೆ ಪೂರ್ತಿ ಕಂಪ್ರೆಸರ್ ಬದ್ಲಾಯಿಸಿ ಅಂತ ಹೇಳೋರು ಇದಾರೆ, ಹಲವು ಸಲ ಒಳಗಿನ ತೆಳು ವಾಶರ್ ಒಂದು ತೆಗೆದ್ರೇ ಸಾಕು. ಹೊಸ ಗಾಡಿಗಳಲ್ಲಿ ಕೆಲವಕ್ಕೆ ಕ್ಲಚ್ಚೇ ಇರಲ್ಲ, ಎಸಿ ಆಫ್ ಇದ್ರೂ ಎಲ್ಲಾ ತಿರುಗ್ತಾನೇ ಇರತ್ತೆ, ಅಂಥದ್ದಕ್ಕೆ ಸ್ಕ್ಯಾನರ್ ಹಾಕಿ ಕಂಟ್ರೋಲ್ ವಾಲ್ವ್ (ಕಂಪ್ರೆಸರ್ ಎಷ್ಟು ಗ್ಯಾಸ್ ಒತ್ತಬೇಕು ಅಂತ ಹಿಡಿತದಲ್ಲಿಡೋದು) ನೋಡ್ಬೇಕು, ಕಣ್ಣಲ್ಲಿ ಗೊತ್ತಾಗಲ್ಲ. ಆಮೇಲೆ, ಯೂಟ್ಯೂಬ್ ನೋಡಿ ಪ್ರೆಶರ್ ಸ್ವಿಚ್‌ಗೆ ವೈರ್ ಸುತ್ತಿ ಕಂಪ್ರೆಸರ್ ಓಡ್ಸೋಕೆ ದಯವಿಟ್ಟು ಹೋಗ್ಬೇಡಿ. ಆಯಿಲ್ ಗ್ಯಾಸ್ ಜೊತೆಗೇ ಸುತ್ತೋದು, ಗ್ಯಾಸ್ ಇಲ್ದೆ ಓಡ್ಸಿದ್ರೆ ಕಂಪ್ರೆಸರ್ ಜಾಮ್ ಆಗಿ ಅದರ ಪುಡಿ ಇಡೀ ಸಿಸ್ಟಮ್ಮಿಗೆ ಹರಡತ್ತೆ, ಆಗ ಬಿಲ್ ಬೇರೆ ಲೆಕ್ಕಕ್ಕೇ ಹೋಗತ್ತೆ.

ಕ್ಲಚ್ ಹಿಡೀತಿದೆ, ಫ್ಯಾನೂ ತಿರುಗ್ತಿದೆ, ಆದ್ರೂ ಬಿಸಿ ಅಂದ್ರೆ ಪೈಪ್ ಮುಟ್ಟಿ ನೋಡಿ. ಇಂಜಿನ್ ಹಿಂದಿನ ಗೋಡೆಗೆ ಹೋಗೋ ಎರಡು ಅಲ್ಯೂಮಿನಿಯಂ ಪೈಪ್ ಇರತ್ತೆ, ದಪ್ಪದ್ದು ತಣ್ಣಗೆ ಬೆವರ್ತಿರ್ಬೇಕು, ಸಣ್ಣದು ಬೆಚ್ಚಗಿರ್ಬೇಕು. ಇಂಜಿನ್ ಆಫ್ ಮಾಡಿದ ಕೂಡ್ಲೇ ಮುಟ್ಟಿದ್ರೆ ಸಾಕು, ಕಂಪ್ರೆಸರ್ ಹತ್ರದ್ದು ಮುಟ್ಟೋಕ್ ಹೋದ್ರೆ ಕೈ ಸುಡತ್ತೆ. ದಪ್ಪ ಪೈಪ್ ಒಳ್ಳೆ ತಣ್ಣಗಿದ್ದು ಒಳಗೆ ಬಿಸಿ ಗಾಳಿ ಬಂದ್ರೆ ಗ್ಯಾಸ್ ತಂಟೆಗೇ ಹೋಗ್ಬೇಡಿ, ಡ್ಯಾಶ್‌ಬೋರ್ಡ್ ಒಳಗೆ ಬಿಸಿ ಗಾಳಿ ತಣ್ಣನೆ ಗಾಳಿ ಮಿಕ್ಸ್ ಮಾಡೋ ಬಾಗಿಲೊಂದಿದೆ, ಅದು ಹೀಟರ್ ಕಡೆ ಸಿಕ್ಕಾಕ್ಕೊಂಡಿದೆ. ಡ್ರೈವರ್ ಕಡೆ ಬಿಸಿ, ಪಕ್ಕದೋರ ಕಡೆ ತಣ್ಣಗೆ, ಜೊತೆಗೆ ಡ್ಯಾಶ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬಂದ್ರೆ ಆ ಬಾಗಿಲು ತಿರುಗ್ಸೋ ಪುಟ್ಟ ಮೋಟ್ರಿನ ಹಲ್ಲು ಮುರ್ದಿದೆ ಅಂತ ಹೆಚ್ಚುಕಮ್ಮಿ ಗ್ಯಾರಂಟಿ. ಇಂಥ ಗಾಡಿಗಳಿಗೂ ಗ್ಯಾಸ್ ತುಂಬಿ ಕಳ್ಸಿರೋದು ನೋಡಿದೀನಿ, ಸಿಟ್ಟು ಬರತ್ತೆ.

ಶುರುವಲ್ಲಿ ಚೆನ್ನಾಗಿ ತಣ್ಣಗಿದ್ದು ಬರ್ತಾ ಬರ್ತಾ ಗಾಳಿನೇ ಕಮ್ಮಿ ಆಗೋದು ಬೇರೆ ಕತೆ, ಅಲ್ಲಿ ಇವಾಪರೇಟರ್ (ಡ್ಯಾಶ್‌ಬೋರ್ಡ್ ಒಳಗೆ ಗಾಳಿ ತಣ್ಣಗೆ ಮಾಡೋ ಜಾಲರಿ) ಮೇಲೆ ಐಸ್ ಕಟ್ಟಿರತ್ತೆ. ಕ್ಯಾಬಿನ್ ಫಿಲ್ಟರ್ ಬದ್ಲಾಯಿಸಿ, ಸರಿ ಹೋಗ್ಲಿಲ್ಲ ಅಂದ್ರೆ ಇವಾಪರೇಟರಿನ ಉಷ್ಣತೆ ನೋಡೋ ಸೆನ್ಸರ್ ತೋರ್ಸಿ.

ಇದೆಲ್ಲಾ ನೋಡಿದ್ಮೇಲೂ ಗ್ಯಾಸ್ ಮೇಲೇ ಅನುಮಾನ ಅಂದ್ರೆ ಬರೀ ಪ್ರೆಶರ್ ಗೇಜ್ ನೋಡಿ ತುಂಬೋರ ಹತ್ರ ಹೋಗ್ಬೇಡಿ. ಗಾಡಿ ಆಫ್ ಇದ್ದಾಗ ಗೇಜ್ ತೋರ್ಸೋದು ಆ ಹೊತ್ತಿನ ಉಷ್ಣತೆಗೆ ತಕ್ಕ ಪ್ರೆಶರ್ ಅಷ್ಟೆ, ಆರ್-134ಎ ಅನ್ನೋ ಜಾತಿ ಗ್ಯಾಸಾದ್ರೆ 30 ಡಿಗ್ರಿಗೆ ಸುಮಾರು 97 ಪಿಎಸ್‌ಐ (ಒತ್ತಡದ ಅಳತೆ). ಒಳಗೆ ಸ್ವಲ್ಪ ದ್ರವ ಉಳಿದಿದ್ರೂ ಅಷ್ಟೇ ತೋರ್ಸತ್ತೆ, ಭರ್ತಿ ಇದ್ರೂ ಅಷ್ಟೇ. ಎಷ್ಟು ಗ್ರಾಂ ಹೋಗ್ಬೇಕು ಅಂತ ಬಾನೆಟ್ ಕೆಳಗಿನ ಸ್ಟಿಕರಲ್ಲಿ ಬರ್ದಿರತ್ತೆ, ಸಾಮಾನ್ಯ ಕಾರಿಗೆ ಅದು ಅರ್ಧ ಕೆಜಿ ಆಚೀಚೆ. ಇರೋ ಗ್ಯಾಸನ್ನ ಮೆಷಿನ್ನಿಗೆ ಎಳ್ಕೊಂಡು ಎಷ್ಟು ಬಂತು ಅಂತ ತೂಗಿದ್ರೇ ಸತ್ಯ ಗೊತ್ತಾಗೋದು. ಜಾಸ್ತಿ ತುಂಬಿದ್ರೂ ಬಿಸಿ ಗಾಳಿನೇ ಬರೋದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ತೂಕ ಕಮ್ಮಿ ಬಂತು ಅಂದ್ರೆ ಲೀಕ್ ತೋರ್ಸಿ ಅಂತ ಹಠ ಹಿಡೀರಿ. ಆಯಿಲ್ ಜಿಡ್ಡಿಗೆ ಧೂಳು ಅಂಟಿರೋ ಜಾಗ, ಕಲ್ಲೇಟು ತಿಂದ ಕಂಡೆನ್ಸರ್, ಪೈಪ್ ಜಾಯಿಂಟಿನ ಓ-ರಿಂಗ್ (ರಬ್ಬರ್ ಉಂಗುರ), ಗ್ಯಾಸ್ ತುಂಬೋ ವಾಲ್ವ್, ಮಾಮೂಲಿ ಕಳ್ಳರು ಇವೇ. ಸಿಗ್ಲಿಲ್ಲ ಅಂದ್ರೆ ನೈಟ್ರೋಜನ್ ತುಂಬಿ ಸೋಪ್ ನೀರು ಹಾಕಿ ನೋಡ್ತಾರೆ, ಇಲ್ಲಾ ಯುವಿ ಡೈ (ಯುವಿ ಲೈಟಲ್ಲಿ ಹೊಳೆಯೋ ಬಣ್ಣ) ಬಿಟ್ಟು ಕೆಲವು ದಿನ ಓಡ್ಸಿ ಲೈಟ್ ಹಿಡೀತಾರೆ. ಇವಾಪರೇಟರ್ ಲೀಕ್ ಆದ್ರೆ ಮಾತ್ರ ತಲೆನೋವು, ಬಹಳ ಗಾಡೀಲಿ ಡ್ಯಾಶ್‌ಬೋರ್ಡೇ ಬಿಚ್ಬೇಕು. ರಿಪೇರಿ ಆದ್ಮೇಲೆ ಕಮ್ಮಿ ಅಂದ್ರೂ ಅರ್ಧ ಗಂಟೆ ವ್ಯಾಕ್ಯೂಮ್ ಎಳೀಲಿ (ಒಳಗಿನ ಗಾಳಿ, ತೇವ ಹೀರಿ ತೆಗೀಲಿ), ಒಳಗೆ ತೇವ ಉಳಿದ್ರೆ ಎಕ್ಸ್‌ಪ್ಯಾನ್ಶನ್ ವಾಲ್ವಲ್ಲಿ (ಗ್ಯಾಸನ್ನ ಸಣ್ಣ ಕಿಂಡೀಲಿ ಇವಾಪರೇಟರಿಗೆ ಬಿಡೋ ಜಾಗ) ಐಸ್ ಕಟ್ಟತ್ತೆ, ಆಯಿಲ್ ಜೊತೆ ಸೇರಿ ಆಸಿಡ್ಡೂ ಆಗತ್ತೆ. ಲೀಕ್ ಮುಚ್ಚೋ ಕೆಮಿಕಲ್ ಹಾಕ್ತೀವಿ ಅಂದ್ರೆ ಬೇಡ ಅನ್ನಿ, ಅದು ಒಳಗೆ ಎಲ್ಲೆಲ್ಲೋ ಗಟ್ಟಿಯಾಗತ್ತೆ, ಎಷ್ಟೋ ಕಡೆ ಮೆಷಿನ್ ಹಾಳಾಗತ್ತೆ ಅಂತ ಆ ಗಾಡೀನೇ ಮುಟ್ಟಲ್ಲ.

ಫ್ಯಾನ್ ತಿರುಗ್ತಿದ್ಯಾ, ಕ್ಲಚ್ ಹಿಡೀತಿದ್ಯಾ, ದಪ್ಪ ಪೈಪ್ ಹೇಗಿದೆ, ಈ ಮೂರು ನೋಡಿ, ಗಾಡಿ ಯಾವ್ದು ಯಾವ ವರ್ಷದ್ದು ಅನ್ನೋದನ್ನೂ ಸೇರ್ಸಿ ಕೆಳಗೆ ಬರೀರಿ, ಮುಂದಿಂದು ಹೇಳ್ತೀನಿ.