ಕರೆದರೆ ಬಾರದ ನಾಯಿಗೆ ಶಾಕ್ ಬೆಲ್ಟ್ ಹಾಕಬಹುದಾ?

ರಿಮೋಟ್ ಒತ್ತಿದರೆ ನಾಯಿ ಕೊರಳಿಗೆ ಕರೆಂಟ್ ಹೊಡೆಯುವ ಆ ಬೆಲ್ಟ್ ಬೇಡ. ಎಂಟು ತಿಂಗಳ ಮುಧೋಳ ನಾಯಿ, ಗೇಟು ತೆರೆದರೆ ಓಟ ಕೀಳುತ್ತೆ, ಕರೆದರೆ ಒಮ್ಮೆ ತಿರುಗಿ ನೋಡಿ ಮತ್ತೆ ಓಡುತ್ತೆ, ಬಲು ಹಟಮಾರಿ, ಅಪ್ಪಾಜಿ ಬೇರೆ ‘ಎರಡು ಬಿಗಿ’ ಅಂತಾರೆ ಎಂದು ಬರೆದಿದ್ದೀರಿ. ಆ ತಿರುಗಿ ನೋಡೋದಿದೆಯಲ್ಲ, ಅದನ್ನು ಓದಿದ ಕೂಡಲೇ ನಮ್ಮ ನಾಯಿ ಕೆಂಚ ಕಣ್ಮುಂದೆ ಬಂದ. ನಿಮ್ಮ ನಾಯಿ ಹಟಮಾರಿ ಅಲ್ಲ. ನೀವು ಕರೆದದ್ದು ಅದಕ್ಕೆ ಚೆನ್ನಾಗಿ ಕೇಳಿಸಿದೆ. ಬಂದರೆ ಏನಾಗುತ್ತೆ ಅನ್ನೋದೂ ಗೊತ್ತಿದೆ.

ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಮನೆ ಮುಂದೆ ರಸ್ತೆ, ಹಿಂದೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತದ ಗದ್ದೆ. ನಾಟಿಗೆ ಮೊದಲು ಕೆಸರು ಹೊಡೆಯುವಾಗ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳ ಹಿಂಡೇ ಇಳಿಯುತ್ತೆ. ಕೆಂಚನಿಗೆ ಅದೇ ಜಾತ್ರೆ. ನಾನು ಬದುವಿನ ಮೇಲೆ ನಿಂತು ‘ಕೆಂಚಾ ಬಾ! ಬಾರೋ! ಬರ್ತೀಯೋ ಇಲ್ಲೋ!’ ಅಂತ ಗಂಟಲು ಹರಿದುಕೊಳ್ಳುತ್ತಿದ್ದೆ. ಮನಸ್ಸಾದಾಗ ಬರುತ್ತಿದ್ದ. ಬಂದ ಕೂಡಲೇ ಬೆಲ್ಟ್ ಹಿಡಿದು, ಮೂತಿಗೊಂದು ಏಟು ಕೊಟ್ಟು, ಚೈನು ಹಾಕುತ್ತಿದ್ದೆ.

ಓಡಿಹೋದ ತಪ್ಪಿಗೆ ಶಿಕ್ಷೆ ಅಂತ ನನ್ನ ಲೆಕ್ಕ. ಆದರೆ ಓಡಿಹೋಗಿದ್ದು ಅರ್ಧ ತಾಸಿನ ಹಿಂದೆ. ಏಟು ಬಿದ್ದದ್ದು ನನ್ನ ಹತ್ತಿರ ಬಂದ ಮೇಲೆ. ಹಾಗಾಗಿ ‘ಬಾ’ ಅಂದಾಗ ಹೋದರೆ ಪೆಟ್ಟು ಅಂತಲೇ ಅವನು ಕಲಿತ. ಹೊಡೆಯದ ದಿನವೂ ನಾನು ಕಲಿಸಿದ್ದು ಅದನ್ನೇ. ಮೈ ತೊಳೆಯೋಕೆ ಕರೆದೆ, ಉಣ್ಣೆ ಹುಳ ಕೀಳೋಕೆ ಕರೆದೆ, ಆಟ ನಿಲ್ಲಿಸಿ ಕಟ್ಟಿಹಾಕೋಕೆ ಕರೆದೆ. ಕರೆದು, ತಲೆ ಸವರಿ, ‘ಹೋಗು, ಆಡ್ಕೋ’ ಅಂತ ಒಮ್ಮೆಯೂ ಬಿಡಲಿಲ್ಲ. ಬಂದರೆ ಲಾಭ ಏನು ಹೇಳಿ?

ಸುಗ್ಗಿ ಕಾಲ. ಭತ್ತ ತುಂಬಿದ ಟ್ರ್ಯಾಕ್ಟರ್‌ಗಳು ರೈಸ್ ಮಿಲ್ಲಿಗೆ ಸಾಲಾಗಿ ಹೋಗುತ್ತಿದ್ದವು. ಕೆಂಚ ನಮ್ಮ ಕಡೆಯೇ ರಸ್ತೆ ಅಂಚಿಗೆ ನಿಂತಿದ್ದ. ಕರೆದೆ. ಬಾಲ ಕಾಲಸಂದಿಗೆ ಸೇರಿಸಿಕೊಂಡು ಒಂದೆರಡು ಹೆಜ್ಜೆ ಬಂದ. ನನ್ನ ಮುಖ ನೋಡಲಿಲ್ಲ, ಕೈ ನೋಡಿದ. ಕೈಯಲ್ಲಿ ಚೈನು ಇತ್ತು. ತಟ್ಟನೆ ತಿರುಗಿ ರಸ್ತೆಗೆ ಹಾರಿದ. ಟ್ರೇಲರ್ ಚಕ್ರ ಹಿಂಗಾಲಿನ ಮೇಲೆ ಹೋಯಿತು. ಜೀವ ಉಳಿಯಿತು, ಆ ಕಾಲು ಮಾತ್ರ ಇವತ್ತಿಗೂ ನೆಲಕ್ಕೆ ಊರಲ್ಲ.

ನೀವು ಕೇಳಿದ ಶಾಕ್ ಬೆಲ್ಟ್, ನಾನು ಕೈಯಿಂದ ಮಾಡಿದ್ದನ್ನು ಬ್ಯಾಟರಿಯಿಂದ ಮಾಡುತ್ತೆ, ಅಷ್ಟೇ. ಓಡುವಾಗ ಶಾಕ್ ಹೊಡೆದರೆ ನಾಯಿ ಅದನ್ನು ನಿಮ್ಮ ದನಿಗೆ ಜೋಡಿಸುತ್ತೋ, ಪಕ್ಕದಲ್ಲಿ ಹೋಗುತ್ತಿದ್ದ ಪುಟ್ಟ ಹುಡುಗನಿಗೆ ಜೋಡಿಸುತ್ತೋ, ಯಾರಿಗೆ ಗೊತ್ತು?

ಕೆಂಚ ಹುಷಾರಾದ ಮೇಲೆ ‘ಬಾ’ ಬಿಟ್ಟುಬಿಟ್ಟೆ. ಪಿ.ಟಿ. ಮಾಸ್ತರು ಊದುವಂಥ ಸೀಟಿ ತಂದೆ. ಮೊದಲು ಮನೆಯೊಳಗೆ. ಊದೋದು, ತಕ್ಷಣ ಬೇಯಿಸಿದ ಕೋಳಿ ಲಿವರ್ ಚೂರು ಕೊಡೋದು. ರೊಟ್ಟಿ ಚೂರಿಗಾಗಿ ಬೆಳ್ಳಕ್ಕಿ ಬಿಟ್ಟು ಬರುವ ನಾಯಿಯನ್ನು ನಾನಂತೂ ನೋಡಿಲ್ಲ. ಆಮೇಲೆ ಅಂಗಳದಲ್ಲಿ, ಆಮೇಲೆ ಮೂವತ್ತು ಅಡಿ ನೂಲಿನ ಹಗ್ಗ ಕಟ್ಟಿ ಬಯಲಲ್ಲಿ. ಹಗ್ಗ ಎದೆಪಟ್ಟಿಗೆ ಕಟ್ಟಿ. ಕೊರಳಿಗೆ ಕಟ್ಟಿದರೆ ಓಡಿ ಜಗ್ಗಿದಾಗ ಕುತ್ತಿಗೆಗೆ ಪೆಟ್ಟು. ಬಂದರೆ ಲಿವರ್ ಕೊಟ್ಟು ಮತ್ತೆ ಆಡೋಕೆ ಬಿಡಿ. ಹತ್ತು ಸಲ ಕರೆದರೆ ಒಂಬತ್ತು ಸಲ ಬಿಡಿ. ಸೀಟಿ ಒಂದೇ ಸಲ ಊದಿ. ಬರದಿದ್ದರೆ ಬೆನ್ನಟ್ಟಬೇಡಿ, ಅದಕ್ಕೆ ಅದೊಂದು ಆಟ. ನೀವೇ ಉಲ್ಟಾ ಓಡಿ. ‘ನಾಯಿ ನಿಂತೈತಿ, ಇವನೇ ಓಡಾಕತ್ಯಾನ’ ಅಂತ ನಮ್ಮವ್ವ ನಗುತ್ತಿದ್ದಳು. ನಗಲಿ ಬಿಡಿ. ನಮ್ಮ ಕಡೆ ಬೇಸಿಗೆಯಲ್ಲಿ ಇದೆಲ್ಲ ಬಿಸಿಲೇರುವ ಮೊದಲೇ ಮುಗಿಸಬೇಕು, ಆಮೇಲೆ ಅಂಗಾಲು ಸುಡುತ್ತೆ.

ಇಷ್ಟು ಮಾಡಿದರೂ ರಸ್ತೆ ಬದಿ ಹಗ್ಗ ಬಿಚ್ಚಲೇಬೇಡಿ. ಮುಧೋಳ ಕಣ್ಣಿಂದ ಬೇಟೆಯಾಡುವ ತಳಿ. ಮೊಲ ಎದ್ದರೆ ಸೀಟಿ ಗೀಟಿ ಏನೂ ನಡೆಯಲ್ಲ. ಗಂಡಾಗಿದ್ದರೆ, ಊರಲ್ಲಿ ಹೆಣ್ಣುನಾಯಿ ಬೆದೆಗೆ ಬಂದಾಗಲೂ ಇದೇ ಕಥೆ. ಸಂತಾನಹರಣದ ಬಗ್ಗೆ ಪಶುವೈದ್ಯರನ್ನು ಕೇಳಿ.

ಇನ್ನು ಅಪ್ಪಾಜಿಗೆ, ನಾಯಿ ವಾಪಸ್ ಬಂದಾಗ ಸಿಟ್ಟಿದ್ದರೆ ಒಳಗೆ ಹೋಗಿ ನೀರು ಕುಡಿಯಿರಿ, ಲಿವರ್ ನಾನು ಕೊಡ್ತೀನಿ ಅನ್ನಿ.